ವಿಮಾನದ ಕಿಟಕಿಯಲ್ಲಿ ಟವೆಲ್

‘ಉಸಿರು ಒಳಗ ಎಳಕೋರಿ ಚಾಚಾ,’ ಎಂದು ದುರಗೇಶ ಮಂಡಿಯೂರಿ ಕೂತು ಬೆಲ್ಟಿನ ಎರಡೂ ತುದಿ ಜಗ್ಗಿದ.

‘ಎಳಕೊಂಡೇನಿ. ಇನ್ನೂ ಎಳಕೊಂಡ್ರ ಹೊಟ್ಟಿ ಬೆನ್ನಾಗಿಂದ ಹೊರಗ ಬರತೈತಿ,’ ಎಂದರು ಗೌಸುಸಾಬ.

ಬಕಲ್ಲು ಕಟಕ್ಕೆಂದು ಕೂತಿತು. ಗುಜರಿಗೆ ಹೋದ ಜೀಪೊಂದರಿಂದ ಕಿತ್ತು ತಂದ ಬೆಲ್ಟು ಅದು. ಗೌಸುಸಾಬರ ಹೊಟ್ಟೆಗೂ ಪ್ಲಾಸ್ಟಿಕ್ ಕುರ್ಚಿಗೂ ಗಂಟು ಹಾಕಿಬಿಟ್ಟಿತು.

‘ಈಗ ನೀವು ಮೂವತ್ತು ಸಾವಿರ ಫೂಟ ಮ್ಯಾಲ ಅದೀರಿ,’ ದುರಗೇಶ ಹಣೆಯ ಬೆವರು ಒರೆಸಿಕೊಂಡ. ‘ಗಗನಸಖಿ ಬಂದು ಏನ ಬೇಕ್ರಿ ಅಂತಾಳ. ನೀವೇನಂತೀರಿ?’

‘ಅಲ್ಲಿ ಚಾ ಸಿಗತೈತೇನು?’

‘ಸಿಗತೈತ್ರಿ.’

‘ಯಾರು ಮಾಡ್ತಾರ? ಒಲಿ ಎಲ್ಲಿ ಇಟ್ಟಿರತಾರ? ಗಾಳಿಗೆ ಆರೂದಿಲ್ಲ?’

ಹದಿನೆಂಟು ವರ್ಷದಿಂದ ರೋಣದ ಬಸ್ ಸ್ಟ್ಯಾಂಡಿನ ಎದುರು ಚಹದಂಗಡಿ ನಡೆಸುತ್ತಿದ್ದ ಮನುಷ್ಯನಿಗೆ ಇಷ್ಟು ಕುತೂಹಲ ನ್ಯಾಯವಾದದ್ದೇ. ಆದರೆ ಉತ್ತರ ಸಿಗುವ ಮೊದಲೇ ರಸ್ತೆಯ ಆಚೆಯಿಂದ ಸೀದ ವಾಸನೆ ಬಂತು.

‘ಯಾ ಅಲ್ಲಾ, ನನ್ನ ಹಾಲು!’

ಗೌಸುಸಾಬ ಎದ್ದು ಓಡಿದರು. ಕುರ್ಚಿಯೂ ಎದ್ದು ಓಡಿತು. ನಡು ಬಗ್ಗಿಸಿ, ಬೆನ್ನ ಮೇಲೆ ನಾಲ್ಕು ಕಾಲು ಚಾಚಿಕೊಂಡು, ಅವಸರದ ಆಮೆಯಂತೆ ಅವರು ರಸ್ತೆ ದಾಟುವಾಗ ನರಗುಂದದ ಬಸ್ಸು ಬ್ರೇಕು ಹಾಕಿ ನಿಂತಿತು. ಕಿಟಕಿಯಿಂದ ಯಾರೋ, ‘ಸಾಬರ, ಎಲ್ಲಿಗೆ ಹೊಂಟ್ರಿ ಕುರ್ಚಿ ಸಮೇತ?’ ಎಂದು ಕೂಗಿದರು. ‘ಮುಂಬೈಗೆ!’ ಎಂದು ಕೂಗಿ ಗೌಸುಸಾಬ ಒಲೆ ಆರಿಸಿದರು.

ಆಮೇಲೆ ಬಕಲ್ಲು ಬಿಚ್ಚಲು ನೋಡಿದರೆ ಅದು ಬಿಚ್ಚಲಿಲ್ಲ.

ದುರಗೇಶನ ಅಂಗಡಿಯ ಮೇಲೆ ನೀಲಿ ಬೋರ್ಡಿತ್ತು: ‘ಹಂಸಗಮನ ಪ್ರವಾಸ ಕೇಂದ್ರ. ಬಸ್ಸು, ರೈಲು, ವಿಮಾನ.’ ಬರೆದ ಕಲಾವಿದ ಅಲ್ಲಿಯವರೆಗೆ ಟ್ರ್ಯಾಕ್ಟರಿನ ಟ್ರೇಲರುಗಳಿಗೆ ಬಣ್ಣ ಹೊಡೆಯುತ್ತಿದ್ದವನಾದ್ದರಿಂದ, ವಿಮಾನದ ಮೂತಿಗೆ ಒಂದು ನಿಂಬೆಹಣ್ಣು, ಎರಡು ಮೆಣಸಿನಕಾಯಿ ನೇತುಬಿದ್ದಿದ್ದವು. ಎರಡು ವರ್ಷದಲ್ಲಿ ಬಸ್ಸಿನ ಟಿಕೆಟ್ಟು ಬೇಕಾದಷ್ಟು ಹೋಗಿದ್ದವು. ವಿಮಾನದ್ದು ನಾಲ್ಕು. ನಾಲ್ಕನ್ನೂ ತೆಗೆದುಕೊಂಡವರು ಒಬ್ಬರೇ, ದನದ ಡಾಕ್ಟರು. ಅವರೂ ವರ್ಗವಾಗಿ ಹೋಗಿದ್ದರು. ಸ್ವತಃ ದುರಗೇಶ ವಿಮಾನವನ್ನು ಕತ್ತೆತ್ತಿ ನೋಡಿದ್ದನೇ ಹೊರತು ಸರಿಸಮಾನವಾಗಿ ನಿಂತು ನೋಡಿರಲಿಲ್ಲ.

ನಿನ್ನೆ ಸಂಜೆ ಹಂಸಗಮನದ ಹುಬ್ಬಳ್ಳಿ ಕಚೇರಿಯಿಂದ ಮೊಬೈಲಿಗೆ ಸಂದೇಶ ಬಂದಿತ್ತು. ನಾಳೆ ಹನ್ನೊಂದು ಗಂಟೆಗೆ ಮಹೇಶ್ವರಿ ಮೇಡಂ ಬರುತ್ತಾರೆ. ಊರಿನ ಹತ್ತು ಜನರನ್ನು ಕೂಡಿಸಿರಿ. ಅವರು ತಮ್ಮ ಪರಿಚಯ ಮಾಡಿಕೊಂಡು ವಿಮಾನ ಪ್ರಯಾಣದ ಬಗ್ಗೆ ಎರಡು ಮಾತು ಆಡಲಿ. ಅದನ್ನು ನೋಡಿ ಏಜೆನ್ಸಿ ಇಡುವುದೋ ಬಿಡುವುದೋ ತೀರ್ಮಾನ ಮಾಡಲಾಗುವುದು.

‘ಇದ್ದದ್ದ ಹೇಳ್ರಿ,’ ಎಂದಿದ್ದಳು ಹೆಂಡತಿ ಭಾಗ್ಯಾ. ‘ನಮ್ಮ ಊರಾಗ ಯಾರೂ ವಿಮಾನ ಹತ್ತಿಲ್ಲ, ಹತ್ತಬೇಕಂತ ಆಸೆ ಮಾತ್ರ ಐತಿ ಅನ್ರಿ. ಆಸೆ ಪಟ್ರ ದಂಡ ಹಾಕ್ತಾರ?’

‘ನಿನಗ ಧಂದೆ ತಿಳಿಯೂದಿಲ್ಲ. ಯಾರೂ ಹತ್ತಿಲ್ಲ ಅಂದ್ರ ಬೋರ್ಡ ಬಿಚ್ಚಿಕೊಂಡ ಹೋಗ್ತಾರ. ಬೋರ್ಡ ಹೋದ್ರ ನಾ ಎಲ್ಲಿಗೆ ಹೋಗ್ಬೇಕು ಗೊತ್ತೈತಿಲ್ಲ?’

ಗೊತ್ತಿತ್ತು. ನರೇಗಲ್ಲಿನಲ್ಲಿ ಭಾಗ್ಯಾಳ ಅಪ್ಪ ಅರ್ಜುನಪ್ಪನದು ಖಾರ ಕುಟ್ಟುವ ಗಿರಣಿ. ಮದುವೆಯಾದಂದಿನಿಂದ ಅರ್ಜುನಪ್ಪ ಅಳಿಯನಿಗಾಗಿ ಅಲ್ಲೊಂದು ಸ್ಟೂಲು ಖಾಲಿ ಇಟ್ಟಿದ್ದ. ದುರಗೇಶನಿಗೋ ಒಣಮೆಣಸಿನಕಾಯಿಯ ಹೆಸರು ಹೇಳಿದರೂ ಸೀನು. ಹೋದ ಶ್ರಾವಣದಲ್ಲಿ ಒಂದು ದಿನ ಕೂತು ನೋಡಿದ್ದ. ಮಧ್ಯಾಹ್ನದವರೆಗೆ ನೂರಾ ಹನ್ನೆರಡು ಸೀನು. ಖಾರ ಕುಟ್ಟಿಸಲು ಬಂದ ಹೆಂಗಸರು ಎಣಿಸಿದ್ದರು. ಕೊನೆಯ ಸೀನಿಗೆ ತಕ್ಕಡಿಯ ಮೇಲಿದ್ದ ಒಂದೂವರೆ ಕಿಲೋ ಬ್ಯಾಡಗಿ ಪುಡಿ ಗಿರಣಿ ತುಂಬ ಹಾರಿತ್ತು. ಆ ದಿನ ನರೇಗಲ್ಲಿನ ಆ ಓಣಿಯಲ್ಲಿ ಸೀನದವರು ಯಾರೂ ಇರಲಿಲ್ಲ.

ಹೀಗಾಗಿ ದುರಗೇಶ ರಾತ್ರಿಯೆಲ್ಲ ಚೀಟಿ ಬರೆದಿದ್ದ. ಯಾರು ಎಷ್ಟು ಸಲ, ಎಲ್ಲಿಗೆ, ಮೋಡದ ಬಗ್ಗೆ ಏನು ಹೇಳಬೇಕು, ಎಲ್ಲ. ಬೆಳಗಾಗುವುದರಲ್ಲಿ ಅಕ್ಕಪಕ್ಕದ ಅಂಗಡಿಯವರು ತಾವಾಗಿ ಬಂದು ಸೇರಿಕೊಂಡಿದ್ದರು. ರೋಣದಲ್ಲಿ ಒಬ್ಬರ ಸಂಕಟಕ್ಕೆ ನೆರವಾಗಲು ಕರೆಯಬೇಕಿಲ್ಲ, ಬೇಡ ಎಂದರೂ ಬರುತ್ತಾರೆ. ತಾನೂ ಸೇರಿ ಒಂಬತ್ತಾದರು. ಹತ್ತನೆಯವನಾದ ಕುರಿ ವ್ಯಾಪಾರಿ ಬೀರಲಿಂಗ ಮಾತ್ರ ಹತ್ತೂವರೆಗೆ ಯಾವಗಲ್ ಊರಿನಿಂದ ಫೋನು ಮಾಡಿ, ‘ಕುರಿ ಕಡಲಿ ಹೊಲಕ್ಕ ನುಗ್ಯಾವಣ್ಣಾ, ನಾ ಇವತ್ತ ಹಾರೂದ ಆಗೂದಿಲ್ಲ,’ ಎಂದುಬಿಟ್ಟ.

ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಗದ್ದಲ ಎದ್ದಿತು. ನರೇಗಲ್ಲಿನ ಬಸ್ಸಿನ ಬಾಗಿಲಲ್ಲಿ ಒಬ್ಬ ಮುದುಕಿ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಂಡಕ್ಟರನೊಂದಿಗೆ ಜಗಳ ತೆಗೆದಿದ್ದಳು.

‘ಹೆಣ್ಣಮಕ್ಕಳಿಗೆ ಬಸ್ಸು ಪುಕ್ಕಟಿ ಅಂದ ಮ್ಯಾಲ ಇದಕ್ಯಾಕ ಅರ್ಧ ಟಿಕೀಟ ಹರದಿ? ಇದೂ ಹೆಣ್ಣ ಐತಿ. ಬೇಕಾದ್ರ ನೋಡ್ಕೋ!’

‘ಆಧಾರ ಕಾರ್ಡ ತೋರಸಬೇ, ಬಿಡ್ತೀನಿ,’ ಎಂದ ಕಂಡಕ್ಟರು.

‘ತತ್ತಿ ಇಡತೈತಿ, ಅದಕ್ಕಿಂತ ದೊಡ್ಡ ಆಧಾರ ಯಾವುದೋ?’

ದುರಗೇಶ ಹೊರಗೆ ಇಣುಕಿ ನೋಡಿದ. ಅವಳು ಹೊಳೆಮಣ್ಣೂರಿನ ಕರೆವ್ವ, ಅರ್ಜುನಪ್ಪನ ಅಕ್ಕ. ಹಿಂದೆಯೇ ಅರ್ಜುನಪ್ಪ ಇಳಿದ. ಅವನಿಗಿಂತ ಮೊದಲು ಅವನ ಅಂಗಿಯ ಘಾಟು ಇಳಿಯಿತು. ದುರಗೇಶ ಮೂರು ಸಲ ಸೀನಿದ.

‘ಭಾಗ್ಯಾ ಫೋನ್ ಮಾಡಿದ್ಲು. ಇವತ್ತ ನಿಮ್ಮ ಬೋರ್ಡ ಬಿಚ್ಚತಾರಂತಲ್ರಿ ಅಳಿಯಾರ?’ ಅರ್ಜುನಪ್ಪನ ದನಿಯಲ್ಲಿ ಸಂಭ್ರಮ ಮುಚ್ಚಿಟ್ಟರೂ ಇಣುಕುತ್ತಿತ್ತು. ಚೀಲದಿಂದ ಹೊಸ ಕೆಂಪು ಟವೆಲ್ ಒಂದನ್ನು ತೆಗೆದ. ‘ಮೂಗಿಗೆ ಕಟಗೊಳ್ಳಾಕ ಅಂತ ದಪ್ಪಂದ ತಂದೇನಿ. ಸಂಜಿ ಬಸ್ಸಿಗೆ ಕೂಡೇ ಹೋಗೂಣು.’

‘ಇನ್ನೂ ಬಿಚ್ಚಿಲ್ಲರಿ ಮಾವಾರ!’

‘ಕಾಯೂಣ. ಅವಸರ ಏನೈತಿ.’ ಅರ್ಜುನಪ್ಪ ಒಳಗೆ ಬಂದು ಮುಂದಿನ ಸಾಲಿನಲ್ಲೇ ಕೂತ. ಕರೆವ್ವ ಪಕ್ಕದ ಕುರ್ಚಿಯನ್ನು ಅಲ್ಲಾಡಿಸಿ ನೋಡಿ, ‘ಇದರ ಕಾಲು ಅಂಗಡಿ ಮಾಲಕನಂಗ ಸೊಟ್ಟ ಐತಿ,’ ಎಂದು ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಹನ್ನೊಂದಕ್ಕೆ ಸರಿಯಾಗಿ ಮಹೇಶ್ವರಿ ಮೇಡಂ ಬಂದರು. ಮೂವತ್ತರ ಆಸುಪಾಸಿನ, ಮೆತ್ತಗಿನ ದನಿಯ, ಕಣ್ಣಲ್ಲಿ ಬಹಳ ನಿರೀಕ್ಷೆ ಇದ್ದ ಹೆಣ್ಣುಮಗಳು. ಮೊಬೈಲನ್ನು ಒಂದು ಕಡ್ಡಿಗೆ ಸಿಕ್ಕಿಸಿ ನಿಲ್ಲಿಸಿ, ‘ಒಬ್ಬೊಬ್ಬರ ಮಾತೂ ವಿಡಿಯೋ ಆಗ್ತದ್ರಿ. ಆದ ಕೂಡಲೇ ಹೆಡ್ ಆಫೀಸಿಗೆ ಹೋಗ್ತದ. ಮನಸ್ಸ ಬಿಚ್ಚಿ ಮಾತಾಡ್ರಿ,’ ಎಂದರು.

ದುರಗೇಶ ಮೊದಲು ನಿಂತ. ‘ನಾನು ದುರಗೇಶ. ಇಲ್ಲಿತನಕ ಇಪ್ಪತ್ತೇಳು ಸಲ ಹಾರೇನ್ರಿ. ಮೋಡ ಅಂದ್ರ ನನಗ ಹಿತ್ತಲ ಇದ್ದಂಗ.’

ಮೇಡಂ ಮುಖ ಕೊಂಚ ಬಾಡಿತು. ಸಾಲಲಿಲ್ಲವೇನೋ ಎಂದು ದುರಗೇಶ ಬಗೆದ. ಗೌಸುಸಾಬರಿಗೆ ಕಣ್ಸನ್ನೆ ಮಾಡಿದ.

ಗೌಸುಸಾಬ ಎದ್ದರು. ಕುರ್ಚಿಯೂ ಎದ್ದಿತು. ಮೇಡಂ ಬೆಚ್ಚಿ ನೋಡಿದರು.

‘ಹೆದರಬ್ಯಾಡ್ರಿ,’ ಎಂದರು ಗೌಸುಸಾಬ ನಡು ಬಗ್ಗಿಸಿಕೊಂಡೇ. ‘ಅಭ್ಯಾಸ ಬಲ. ತಿಂಗಳಿಗೊಮ್ಮೆ ಮುಂಬೈಗೆ ಹಾರಿ ಹಾರಿ ಬೆಲ್ಟ್ ಇಲ್ಲದ ಕುರ್ಚಾಗ ಕೂತ್ರ ಬಿದ್ದಂಗ ಆಗತೈತಿ. ವಿಮಾನ ಭಾಳ ಚಲೋ. ಆದ್ರ ಚಾ ಸಪ್ಪಗ. ಅಷ್ಟ ಎತ್ತರದಾಗ ಶುಂಠಿ ಎಲ್ಲಿ ಸಿಗಬೇಕು ಪಾಪ.’

ಆಮೇಲೆ ಬಳೆಗಾರ್ತಿ ಕಮರುನ್ನಿಸಾ. ‘ಹೈದರಾಬಾದಿಗೆ ಹೋಗ್ತೀನ್ರಿ. ಬಳಿ ಬುಟ್ಟಿ ತೊಡಿ ಮ್ಯಾಲ. ಗಗನಸಖಿಯ ಎಡಗೈಗೆ ಅರ್ಧ ಡಜನ್ ತೊಡಿಸೂದ್ರಾಗ ಊರು ಬಂದಿರತೈತಿ. ಬಲಗೈಗೆ ಬರೂ ಮುಂದ.’

ನಿವೃತ್ತ ಬಸ್ ಡ್ರೈವರ್ ಸಿದ್ದಾರೂಢ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟ. ಮೂವತ್ತು ವರ್ಷ ಸ್ಟೇರಿಂಗು ಹಿಡಿದವನಿಗೆ ಇನ್ನೊಬ್ಬರು ಬರೆದುಕೊಟ್ಟ ಮಾತು ರುಚಿಸಲಿಲ್ಲ. ‘ನಾನು ಯಾವಾಗ್ಲೂ ಡ್ರೈವರನ ಬಾಜೂ, ಬಾನೆಟ್ ಮ್ಯಾಲ ಕೂಡಾಂವ್ರಿ. ಖರೇ ಹೇಳ್ಲಿ? ಅದೇನ ದೊಡ್ಡ ಡ್ರೈವಿಂಗ್ ಅಲ್ಲ. ಎದುರಿಗೆ ಎಮ್ಮಿ ಇಲ್ಲ, ಚಕ್ಕಡಿ ಇಲ್ಲ, ಹಂಪ್ಸ್ ಇಲ್ಲ. ಗಜೇಂದ್ರಗಡದ ಸಂತಿ ದಿನ ಬಜಾರದಾಗ ಹಾಯಿಸಿ ತೋರಸ್ಲಿ, ಅವನ ಕಾಲಾಗ ನುಸುಳತೀನಿ!’

ಎಲ್ಲರೂ ಚಪ್ಪಾಳೆ ತಟ್ಟಿದರು. ದುರಗೇಶ ಕಣ್ಣು ಮುಚ್ಚಿಕೊಂಡ. ತೆರೆದಾಗ ದರ್ಜಿ ಉಸ್ಮಾನಸಾಬ ಎದ್ದು ನಿಂತಿದ್ದರು. ಅವರು ಚೀಟಿಯನ್ನು ಬಾಯಿಪಾಠ ಮಾಡಿದ್ದರು. ದೆಹಲಿ, ಹನ್ನೊಂದು ಸಲ, ಹತ್ತಿಯಂಥ ಮೋಡ, ಎಲ್ಲವೂ ಸರಿಯಾಗಿಯೇ ಬಂತು. ಕೂತಿದ್ದರೆ ಮುಗಿಯುತ್ತಿತ್ತು. ಚಪ್ಪಾಳೆ ಕಡಿಮೆ ಬಿತ್ತೆಂದು ಮುಂದುವರಿದರು.

‘ಆದ್ರ ಗದ್ದಲ ಭಾಳರಿ. ಅದಕ್ಕ ವಿಮಾನ ಬಂದ ನಿಂತ ಕೂಡಲೇ ನಾನು ಮೊದಲು ಕಿಡಕಿಯಾಗಿಂದ ಟವೆಲ್ ಒಗದ ಸೀಟ ಹಿಡೀತೀನಿ. ಆಮ್ಯಾಲ ನಿಧಾನಕ್ಕ ಹತ್ತತೀನಿ.’

ದುರಗೇಶ ಸಾಕು, ಕೂಡ್ರಿ ಎಂದು ಕೈಸನ್ನೆ ಮಾಡಿದ. ವಿಮಾನದ ಕಿಟಕಿ ತೆಗೆಯಲು ಬರುವುದಿಲ್ಲ ಎಂಬುದೊಂದು ಅವನಿಗೆ ದನದ ಡಾಕ್ಟರಿಂದ ತಿಳಿದಿತ್ತು.

‘ಕಿಡಕಿ ಎತ್ತರ ಇರೂದಿಲ್ಲೇನ್ರಿ?’ ಮೇಡಂ ಕೇಳಿದರು.

‘ಇರತೈತ್ರಿ. ನಾನು ಟವೆಲ್ ತುದಿಗೆ ಗಂಟ ಹಾಕಿ ಒಗೀತೀನಿ. ಬರೊಬ್ಬರಿ ಹೋಗಿ ಬೀಳತೈತಿ.’

ಮೇಡಂ ತಲೆಯಾಡಿಸಿ ಡೈರಿಯಲ್ಲಿ ಬರೆದುಕೊಂಡರು. ದುರಗೇಶನಿಗೆ ಹೋದ ಜೀವ ಬಂತು. ಈಕೆ ಏನು ಹೇಳಿದರೂ ನಂಬುತ್ತಾಳೆ! ಆದರೆ ಪ್ರತಿಯೊಬ್ಬರ ಮಾತಿಗೂ ಆಕೆಯ ಮುಖ ಇನ್ನಷ್ಟು ಬಾಡುತ್ತಿದ್ದುದು ಏಕೆಂದು ಮಾತ್ರ ತಿಳಿಯಲಿಲ್ಲ. ಉಳಿದ ನಾಲ್ವರೂ ಹಾರಿ ಇಳಿದರು. ಹಣ್ಣಿನ ಗಾಡಿಯವನು ದುಬೈ ಮುಟ್ಟಿ ಬಂದ, ಊಟಕ್ಕೆ ಅಲ್ಲಿ ಜೋಳದ ರೊಟ್ಟಿ ಸಿಕ್ಕಿತೆಂದ.

‘ಒಂಬತ್ತಾತು. ಹತ್ತನೇದವರು?’

ಎಲ್ಲರ ಕಣ್ಣು ಮುಂದಿನ ಸಾಲಿಗೆ ಹೋಯಿತು. ಅರ್ಜುನಪ್ಪ ಅಳಿಯನಿಗೆ ನೆರವಾಗಲು ಬಂದವನಲ್ಲ. ಆದರೆ ಒಬ್ಬ ಚಹದವನು ಮುಂಬೈಗೆ, ಒಬ್ಬ ದರ್ಜಿ ದೆಹಲಿಗೆ, ಒಬ್ಬ ಬಾಳೆಹಣ್ಣಿನವನು ದುಬೈಗೆ ಹಾರುತ್ತಿರುವಾಗ ಖಾರದ ಗಿರಣಿಯ ಮಾಲೀಕ ನೆಲದ ಮೇಲೆ ಕೂತಿರುವುದು ಹೇಗೆ?

‘ನಾನು ಅರ್ಜುನಪ್ಪ, ನರೇಗಲ್. ಐವತ್ತ ಸಲ,’ ಎಂದ ಎದೆಯುಬ್ಬಿಸಿ. ‘ಹೋದ ಸಲ ಖಾರದ ಪುಡಿ ಚೀಲ ಮ್ಯಾಲಿನ ಕಟ್ಟಿ ಮ್ಯಾಲ ಇಟ್ಟಿದ್ದೆ. ಬಾಯಿ ಬಿಚ್ಚಿತು. ಇಡೀ ವಿಮಾನ ಸೀನತೊಡಗಿತು. ಆ ಜೋರಿಗೆ ಅರ್ಧ ತಾಸ ಮೊದಲ ಹೋಗಿ ಮುಟ್ಟಿದಿವಿ.’

‘ಇವ್ರು?’ ಮೇಡಂ ಕೋಳಿಯ ಕಡೆಗೆ, ಅಂದರೆ ಕರೆವ್ವನ ಕಡೆಗೆ ನೋಡಿದರು.

‘ಅವ್ರು ಲೆಕ್ಕಕ್ಕಿಲ್ಲರಿ,’ ದುರಗೇಶ ಅವಸರದಿಂದ ಹೇಳಿದ. ‘ಸುಮ್ಮ ಕೂತಾರ. ಮಾತಾಡೂದು ಬ್ಯಾಡ.’

‘ಲೆಕ್ಕಕ್ಕಿಲ್ಲ?’ ಕರೆವ್ವ ಕೋಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ‘ಆತು ಅಳಿಯಪ್ಪ. ನೆನಪ ಇಟ್ಕೋತೀನಿ.’

ಮಹೇಶ್ವರಿ ಮೇಡಂ ಮೊಬೈಲನ್ನು ಕಡ್ಡಿಯಿಂದ ಬಿಡಿಸಿದರು. ನಿಟ್ಟುಸಿರು ಬಿಟ್ಟರು.

‘ಭಾಳ ಬ್ಯಾಸರಾತ್ರಿ,’ ಎಂದರು. ‘ಒಮ್ಮಿಯೂ ವಿಮಾನ ಹತ್ತದವರ ಸಲುವಾಗಿ ನಮ್ಮ ಕಂಪನಿ ಹೊಸಾ ಯೋಜನಾ ತಂದದ. ಒಂದು ಊರಿನ ಹತ್ತು ಮಂದಿನ್ನ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಪುಕ್ಕಟೆ ಕರಕೊಂಡ ಹೋಗಿ ಬರೂದು. ಜೋಡೀಗೆ ಏಜೆಂಟರೂ. ಹತ್ತದವರು ತಮ್ಮ ಪರಿಚಯ ಹೇಳಿ, ಯಾಕ ಆಸೆ ಐತಿ ಅಂತ ಎರಡ ಮಾತಾಡಿದ್ರ ಸಾಕಿತ್ತು. ಎರಡು ವರ್ಷದಾಗ ನಾಲ್ಕ ಟಿಕೀಟ, ಅದೂ ಒಬ್ಬರಿಗೇ. ಇದಕ್ಕಿಂತ ಚಲೋ ಊರ ಸಿಗೂದಿಲ್ಲ ಅಂತ ನಾನ ಹಟ ಹಿಡದು ರೋಣ ಆರಿಸಿದ್ದೆ. ನಾನೂ ಇನ್ನೂ ಹತ್ತಿಲ್ಲ. ಆರು ವರ್ಷದಿಂದ ಬರೇ ಮಂದಿಗೆ ಟಿಕೀಟ ಕಳಸೇನಿ. ನಿಮ್ಮ ಕೂಡ ಮೊದಲನೇ ಸಲ ಹಾರಾಕಿ ಇದ್ದೆ.’

ಭಾಗ್ಯಾ ಒಳಬಾಗಿಲಲ್ಲಿ ನಿಂತಿದ್ದಳು. ಗಂಡನನ್ನು ನೋಡಿದಳು, ಅಷ್ಟೇ. ನೂರಾ ಹನ್ನೆರಡು ಸೀನಿಗಿಂತ ಅದು ಖಾರವಾಗಿತ್ತು.

ಮರುಕ್ಷಣ ಎಲ್ಲರೂ ಒಟ್ಟಿಗೆ ಎದ್ದರು.

‘ಮೇಡಂ, ನಾ ಮುಂಬೈ ನೋಡೇ ಇಲ್ಲರಿ! ಅಲ್ಲಾನ ಆಣಿ!’ ಗೌಸುಸಾಬ ಕುರ್ಚಿ ಸಮೇತ ಮುಂದೆ ಬಂದರು.

‘ಈಗ ಬೆಲ್ಟ್ ಇಲ್ಲದ ಕೂಡಾಕ ಆಗೂದಿಲ್ಲ ಅಂದ್ರಲ್ರಿ?’

‘ಬಕಲ್ಲ ಸಿಕ್ಕೊಂಡೈತ್ರೆವ್ವಾ!’

‘ಕಿಡಕಿಯಾಗಿಂದ ಟವೆಲ್ ಯಾರರ ಒಗೀತಾರೇನ್ರಿ ಮೇಡಂ?’ ಉಸ್ಮಾನಸಾಬ ಅಂಗಲಾಚಿದರು. ‘ಹುಚ್ಚರಂಗ ಹೇಳಿದೆ!’

‘ಗಂಟ ಹಾಕಿ ಒಗೀಬೇಕು ಅಂತ ಸೈತ ಹೇಳಿದ್ರಿ. ಒಗದವರಿಗಷ್ಟ ಗೊತ್ತಿರೂ ಮಾತದು.’ ಮೇಡಂಗೆ ಸಿಟ್ಟು ಬಂದಿತ್ತು. ‘ಪುಕ್ಕಟೆ ಅಂದ ಕೂಡಲೇ ಹತ್ತೂ ಮಂದಿ ಹಾರೇ ಇಲ್ಲ ಅಂತೀರಲ್ಲ, ನಾಚಿಕಿ ಬರೂದಿಲ್ಲ? ವಿಡಿಯೋ ಹೆಡ್ ಆಫೀಸ್ ಮುಟ್ಯಾವ. ಇಷ್ಟು ಸುಳ್ಳು ನಾ ಜನ್ಮದಾಗ ಕೇಳಿಲ್ಲ.’

ಖರೇ ಹೇಳಿದ್ದಕ್ಕೆ ಬೈಸಿಕೊಂಡು ಹತ್ತೂ ಜನ ಕೂತರು. ಗೌಸುಸಾಬರಿಗೆ ಮಾತ್ರ ಕೂರುವ ಶ್ರಮ ಇರಲಿಲ್ಲ. ನಡು ಸಡಿಲ ಬಿಟ್ಟರೆ ಸಾಕಾಯಿತು.

ಅಷ್ಟರಲ್ಲಿ ಮೇಡಂಗೆ ಫೋನು ಬಂತು. ಹೌದ್ರಿ, ಹೌದ್ರಿ ಎನ್ನುತ್ತ ಹೊರಗೆ ಹೋಗಿ ಬಂದರು. ‘ಸಾಹೇಬ್ರು ಕೇಳ್ತಾರ, ಒಂದ ಊರಾಗ ಇಷ್ಟ ಮಂದಿ ಇಷ್ಟ ಸಲ ಹಾರ್ತಾರ. ಆದ್ರೂ ದುರಗೇಶ ಅವ್ರ ಹಂತೇಲಿ ಒಬ್ಬರೂ ಟಿಕೀಟ ತಗೊಂಡಿಲ್ಲ. ಅಂದ್ರ ಸ್ವಂತ ಮಾವಗೂ ಈ ಏಜೆಂಟ ಮ್ಯಾಲ ನಂಬಿಗಿ ಇಲ್ಲ ಅಂತಾತು. ಬೋರ್ಡ ಬಿಚ್ಚಿ ನರಗುಂದದವರಿಗೆ ಕೊಡ್ರಿ ಅಂದ್ರು.’

ಅರ್ಜುನಪ್ಪ ಎದ್ದು ಬಂದು ಕೆಂಪು ಟವೆಲನ್ನು ಅಳಿಯನ ಹೆಗಲ ಮೇಲೆ ಹಾಕಿದ. ಬಸ್ಸಿನಲ್ಲಿ ಸೀಟು ಹಿಡಿದಂತೆ.

‘ಒಂದ ದಾರಿ ಐತ್ರಿ,’ ಮೇಡಂ ದನಿ ತಗ್ಗಿಸಿದರು. ದುರಗೇಶನ ಮುಖ ನೋಡಿ ಅವರಿಗೂ ಕರುಳು ಚುರುಕ್ಕೆಂದಿರಬೇಕು. ‘ಖರೇನ ಹಾರದವರು ಒಬ್ಬರ ಸಿಕ್ರೂ ಯೋಜನಾ ಸುರು ಮಾಡಬಹುದು. ಬೋರ್ಡ ಉಳಸ್ತೀನಿ, ನಾನೂ ಬರ್ತೀನಿ. ಒಬ್ಬರು ಸಾಕು.’

ಹನ್ನೆರಡು ಜೋಡಿ ಕಣ್ಣು ಕರೆವ್ವನ ಮೇಲೆ ಕೂತವು. ಇಡೀ ಅಂಗಡಿಯಲ್ಲಿ ಸುಳ್ಳು ಹೇಳಲು ಅವಕಾಶವೇ ಸಿಗದವಳು ಅವಳೊಬ್ಬಳೇ.

‘ಅಜ್ಜೀ, ನೀವು ವಿಮಾನ ಹತ್ತೀರೇನ್ರಿ?’

‘ಇಲ್ಲವಾ. ಹೆಲಿಕಾಪ್ಟರ ಹತ್ತೇನಿ.’

‘ಅತ್ತೀ!’ ದುರಗೇಶ ನರಳಿದ. ‘ನೀನೂ ಸುರು ಮಾಡಿದ್ಯಾ?’

‘ಹೊಳಿ ಬಂದ ವರ್ಷ. ಮಾಳಿಗಿ ಮ್ಯಾಲ ಎರಡ ದಿನ ಕೂತಿದ್ದೆ. ಮ್ಯಾಲಿಂದ ಹಗ್ಗ ಬಿಟ್ಟು ಎಳಕೊಂಡ್ರು. ಈ ಕೋಳಿ ಅವ್ವನ್ನ ಸೆರಗಿನಾಗ ಕಟಗೊಂಡ ಹೋದೆ.’

ಅರ್ಜುನಪ್ಪ ಹೌದೆಂದು ತಲೆಯಾಡಿಸಿದ. ಮೇಡಂ ಯೋಚಿಸಿದರು. ‘ಟಿಕೀಟ ತಗೊಂಡಿದ್ರೇನು?’

‘ಹಗ್ಗಕ್ಕ ಯಾರವಾ ಟಿಕೀಟ ಕೊಡ್ತಾರ? ಆ ಕಂಡಕ್ಟರ ಇದ್ದಿದ್ರ ಕೋಳಿಗೆ ಹರೀತಿದ್ದ.’

‘ಹಂಗಾರ ಅದು ಲೆಕ್ಕಕ್ಕಿಲ್ಲರಿ!’ ಮೇಡಂ ಕುಣಿಯುವುದೊಂದು ಬಾಕಿ. ಚೀಲದಿಂದ ಅರ್ಜಿ ತೆಗೆದು ಮುಂದೆ ಹಿಡಿದರು. ‘ಇಲ್ಲಿ ಹೆಬ್ಬಟ್ಟ ಒತ್ತರಿ ಅಜ್ಜಿ. ಕಿಡಕಿ ಸೀಟ. ಊಟ, ಚಾ ಎಲ್ಲಾ ಪುಕ್ಕಟೆ.’

‘ಒಲ್ಲೆ,’ ಎಂದಳು ಕರೆವ್ವ.

‘ಅತ್ತೀ, ನಿನ್ನ ಕಾಲಿಗೆ ಬೀಳ್ತೀನಿ,’ ದುರಗೇಶ ನಿಜವಾಗಿಯೂ ಬಿದ್ದ. ಹೆಗಲ ಮೇಲಿನ ಟವೆಲಿನಿಂದ ಗಿರಣಿಯ ಘಾಟು ಎದ್ದು ಒಂದು ಸೀನು ಬಂತು. ಕೋಳಿ ಬೆದರಿ ರೆಕ್ಕೆ ಬಡಿಯಿತು. ‘ಲೆಕ್ಕಕ್ಕಿಲ್ಲ ಅಂದದ್ದ ತಪ್ಪಾತು. ನನ್ನ ಜೀವಾ ನಿನ್ನ ಹೆಬ್ಬಟ್ಟಿನಾಗ ಐತಿ.’

‘ಅದಕ್ಕಲ್ಲೋ ಅಳಿಯಪ್ಪ.’ ಕರೆವ್ವ ಕೋಳಿಯ ಬೆನ್ನು ಸವರಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ‘ಹಗ್ಗದಾಗ ಜೋತಾಡಕೋತ ಕೆಳಗ ನೋಡಿದೆ. ಮನಿ ಬೆಂಕಿಪೊಟ್ಟಣದಷ್ಟ ಕಾಣ್ತು. ನಡುವಿನ ಗ್ವಾಡಿ ಕಾಣಲೇ ಇಲ್ಲ. ಆ ಗ್ವಾಡಿಗೆ ನಾನೂ ಬಾಜೂ ಮನಿ ನೆಗೆಣ್ಣೀನೂ ನಲವತ್ತ ವರ್ಷ ಜಗಳಾಡೇವಿ. ಇಳದ ಮ್ಯಾಲ ಜಗಳಾಡಾಕ ಹೋದ್ರ ನಗಿನ ಬರ್ತಿತ್ತು. ವರ್ಷಗಟ್ಲೆ ಬಾಯಿಗೆ ರುಚಿ ಇರಲಿಲ್ಲ ನನಗ. ಈಗ ಹೋದ ದೀಪಾವಳಿಯಿಂದ ಸ್ವಲ್ಪ ಸುಧಾರಿಸೇನಿ, ಬೆಳಿಗ್ಗೆ ಕಂಡಕ್ಟರನ ಕೂಡ ನೋಡಿದಿಲ್ಲೋ ಎಷ್ಟ ಚಲೋ ಆತು? ಮತ್ತ ಮ್ಯಾಲ ಹೋಗಿ ನೋಡಿದ್ರ ರೋಣಾನೂ ಅಷ್ಟ, ನರೇಗಲ್ಲೂ ಅಷ್ಟ ಕಾಣತೈತಿ. ಆಮ್ಯಾಲ ಇಳದು ಬಂದು ನಾ ಯಾರ ಕೂಡ, ಯಾವುದಕ್ಕಂತ ಜಗಳಾಡ್ಲಿ?’

ಮೇಡಂ ಅರ್ಜಿಯನ್ನು ಇನ್ನೊಂದಿಷ್ಟು ಹತ್ತಿರ ಹಿಡಿದರು. ದುರಗೇಶ ಕಾಲು ಬಿಡಲಿಲ್ಲ. ಹೊರಗೆ ನರೇಗಲ್ಲಿನ ಬಸ್ಸು ಹಾರ್ನು ಹೊಡೆಯಿತು.

ಕರೆವ್ವ ಕೋಳಿಯನ್ನು ಎತ್ತಿಕೊಂಡು ನಿಂತಳು.

‘ನನಗ ಬಸ್ಸು ಪುಕ್ಕಟಿ ಐತಿ. ವಿಮಾನ ಒಲ್ಲೆ ಅಂದ್ರ ಒಲ್ಲೆ.’